ಗಂಗವ್ವನ ಗೋಕರ್ಣ ಬಳ್ಳಿ

ಮೊನ್ನೆ ಬಾಗಲಕೋಟೆಯ ನವನಗರದಲ್ಲಿ ನಮ್ಮ ಎದುರು ಮನೆಯ ಸೊಸೆ ಗಾಜಿನ ಲೋಟದಲ್ಲಿ ನೀಲಿ ನೀರು ತಂದು ನನ್ನ ಮುಂದಿಟ್ಟಳು. ಮಸಿದೌತಿ ತೊಳೆದ ನೀರೇನೋ ಎಂದುಕೊಂಡೆ. "ಚಹಾ ರೀ ಸರ, ಕುಡೀರಿ. ಮೈಗೆ ಭಾಳ ಚಲೋ" ಎಂದಳು. ಎಮ್ಮೆಯ ಗಟ್ಟಿ ಹಾಲಿನಲ್ಲಿ ಕುದಿಸಿದ ಚಹಾ ಕುಡಿದೇ ಮುದುಕನಾದವನು ನಾನು. ಹಾಲಿಲ್ಲ, ಸಕ್ಕರೆಯಿಲ್ಲ, ಹೋಗಲಿ, ಚಹಾಪುಡಿಯೂ ಇಲ್ಲ. ಇಂಥದ್ದಕ್ಕೂ ಚಹಾ ಎಂದು ಹೆಸರಿಟ್ಟರೆ ನನಗೆ ಸಿಟ್ಟು ಬರುತ್ತದೆ. ಏನೋ ಒಂದು ಒರಟು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಲೋಟದ ತಳದಲ್ಲಿ ಮುದುಡಿ ಕೂತಿದ್ದ ಹೂವು ಕಂಡಿತು. ಗೋಕರ್ಣದ ಹೂವು. ಮಾತು ಅಲ್ಲೇ ನಿಂತಿತು, ಲೋಟ ಎತ್ತಿ ಸುಮ್ಮನೆ ಕುಡಿದೆ.

ಪುಸ್ತಕದವರು ಇದಕ್ಕೆ ಶಂಖಪುಷ್ಪ ಎನ್ನುತ್ತಾರೆ. ನಮ್ಮ ಕಡೆ ಗೋಕರ್ಣ. ಆಕಳ ಕಿವಿಯ ಆಕಾರ ಇದೆಯಲ್ಲ, ಅದಕ್ಕೆ. ಅವರೆ, ಕಡಲೆ, ಬಟಾಣಿಗಳ ಬಳಗದ ಬಳ್ಳಿ. ಆದರೆ ಅವೆಲ್ಲ ಒಂದು ಹಂಗಾಮಿಗೆ ಬಂದುಹೋಗುವ ನೆಂಟರು. ಗೋಕರ್ಣ ಒಮ್ಮೆ ಬೇರು ಬಿಟ್ಟರೆ ಮನೆಯವರ ಹಾಗೆ ಉಳಿದುಬಿಡುತ್ತದೆ. ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಗುತ್ತದೆ. ಕಿತ್ತೆಸೆಯೋಣವೆಂದು ನೀವು ಕೈ ಹಾಕುವಷ್ಟರಲ್ಲಿ ಒಂದು ಮಳೆ ಬಿದ್ದು ಬುಡದಲ್ಲಿ ಹಸಿರು ಇಣುಕುತ್ತದೆ. ಇದನ್ನೆಲ್ಲ ನಾನು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಮಾಡಿದ್ದೇನೆ. ಪಾಠ ಮಾಡುವುದು ಬೇರೆ, ಬಲ್ಲವನಾಗುವುದು ಬೇರೆ ಎಂಬುದು ಮಾತ್ರ ನನಗೆ ತಿಳಿದದ್ದು ಇಳಕಲ್ಲಿನ ಒಂದು ಹಿತ್ತಲಿನಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗಷ್ಟೇ ವಿಜ್ಞಾನದ ಮಾಸ್ತರನಾಗಿ ಇಳಕಲ್ಲಿಗೆ ಬಂದವನು. ಕೈಯಲ್ಲಿ ಸಸ್ಯಶಾಸ್ತ್ರದ ಡಿಗ್ರಿ, ತಲೆಯಲ್ಲಿ ಅದರ ಗಾಳಿ. ಎದುರಿಗೆ ಸಿಕ್ಕವರಿಗೆಲ್ಲ ಬೇವಿನ ಮರದ ಲ್ಯಾಟಿನ್ ಹೆಸರು ಹೇಳುತ್ತಿದ್ದೆ, ಪಾಪ, ಅವರು ಕೇಳದಿದ್ದರೂ. ನೇಕಾರರ ಓಣಿಯಲ್ಲಿ ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮನೆಯ ಯಜಮಾನಿ ಗಂಗವ್ವ, ಅರವತ್ತರ ಹತ್ತಿರದ ಹೆಂಗಸು. ಮಗ ಮಲ್ಲಪ್ಪ ನಡುಮನೆಯ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತು ಸೀರೆ ನೇಯುತ್ತಿದ್ದ. ಸೊಸೆ ಶಾಂತವ್ವ ನೂಲು ಸುತ್ತುತ್ತಿದ್ದಳು. ಬೆಳಗ್ಗೆ ಐದಕ್ಕೆ ಲಾಳಿಯ ಸದ್ದು ಶುರುವಾದರೆ ಗಡಿಯಾರದ ಗರಜೇ ಇರಲಿಲ್ಲ.

ಮಲ್ಲಪ್ಪ ಮಾತು ಕಡಿಮೆಯ ಮನುಷ್ಯ. ಆದರೆ ಮೊದಲ ವಾರದಲ್ಲೇ ನನಗೆ ಎರಡು ಸಲ ಬೈದ. ಒಮ್ಮೆ, ನೀರಿನ ಹಂಡೆಯ ಪಕ್ಕದ ಮಣೆಯನ್ನು ನಾನು ಕೂರಲು ಬಿಸಿಲಿಗೆ ಎಳೆದುಕೊಂಡದ್ದಕ್ಕೆ. ಇನ್ನೊಮ್ಮೆ, ಸೈಕಲ್ಲನ್ನು ಹಿತ್ತಲ ಬಾಗಿಲಿಗೆ ಒರಗಿಸಿದ್ದಕ್ಕೆ. "ಮಾಸ್ತರ, ಈ ಮನ್ಯಾಗ ಒಂದ್ ಸಾಮಾನ ಎಲ್ಲಿರತೈತೋ ಅಲ್ಲೇ ಇರಬೇಕ್ರಿ. ನಿಮ್ಮ ಗಾಡಿ ಆ ಗ್ವಾಡಿಗೆ, ಆ ಮೊಳಿ ಕೆಳಗ. ದಿನಾ ಅಲ್ಲೇ." ಏನು ಶಿಸ್ತಪ್ಪಾ ಇವನದು, ಸಾಲಿಯ ಹೆಡ್‌ಮಾಸ್ತರೇ ವಾಸಿ, ಎಂದು ನಾನು ಒಳಗೊಳಗೇ ಗೊಣಗಿದೆ.

ಗಂಗವ್ವನ ಕೆಲಸ ಕೊಂಡಿ ಹಾಕುವುದು. ಇಳಕಲ್ ಸೀರೆಯ ಕೆಂಪು ಸೆರಗನ್ನು ನೀವೆಲ್ಲ ನೋಡಿದ್ದೀರಿ. ಆದರೆ ಸೆರಗಿನ ಉದ್ದೆಳೆ ಬೇರೆ, ಸೀರೆಯ ಮೈಯ ಉದ್ದೆಳೆ ಬೇರೆ ಎಂಬುದು ಎಷ್ಟು ಜನಕ್ಕೆ ಗೊತ್ತು? ನನಗಂತೂ ಗೊತ್ತಿರಲಿಲ್ಲ. ಮೈಗೆ ಹತ್ತಿಯ ನೂಲು, ಸೆರಗಿಗೆ ಕೆಂಪು ರೇಷ್ಮೆ. ಎರಡರ ತುದಿಯಲ್ಲೂ ಎಳೆಗಳು ಸಣ್ಣ ಕುಣಿಕೆಗಳಾಗಿ ನಿಂತಿರುತ್ತವೆ. ಹತ್ತಿಯ ಒಂದು ಕುಣಿಕೆಗೆ ರೇಷ್ಮೆಯ ಒಂದು ಕುಣಿಕೆ ಸಿಕ್ಕಿಸುವುದು, ಆಮೇಲೆ ಇನ್ನೊಂದು, ಹೀಗೆ ಸಾವಿರಗಟ್ಟಲೆ. ಒಂದು ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ತಪ್ಪು. ಗಂಗವ್ವ ಗೋಡೆಗೆ ಬೆನ್ನು ಕೊಟ್ಟು, ಮುಖ ಮೇಲೆತ್ತಿ, ಓಣಿಯ ಸುದ್ದಿಯನ್ನೆಲ್ಲ ಮಾತಾಡುತ್ತಲೇ ಕೊಂಡಿ ಹಾಕುತ್ತಿದ್ದಳು. ಅವಳು ಕೈ ನೋಡಿಕೊಂಡದ್ದನ್ನು ನಾನು ಕಾಣಲೇ ಇಲ್ಲ. ಎಷ್ಟು ರೂಢಿ ಇರಬೇಕು ಎಂದು ಬೆರಗಾಗಿ ನಿಂತು ನೋಡುತ್ತಿದ್ದೆ. ಓಣಿಯ ಹೆಣ್ಣುಮಕ್ಕಳು ತಮ್ಮ ಮನೆಯ ಕೊಂಡಿ ಎಡವಟ್ಟಾದಾಗ ಅವಳನ್ನೇ ಕೇಳಲು ಬರುತ್ತಿದ್ದರು.

ಒಂದು ರವಿವಾರ ಬಾದಾಮಿ ಕಡೆ ಶಿವಯೋಗ ಮಂದಿರಕ್ಕೆ ಹೋಗಿದ್ದೆ. ಮಲಪ್ರಭೆಯ ದಂಡೆಯ ಬೇಲಿಯೊಂದರ ಮೇಲೆ ಗೋಕರ್ಣ ಹಬ್ಬಿತ್ತು. ನೀಲಿಯೆಂದರೆ ಅದೆಂಥ ನೀಲಿ! ಕಣ್ಣು ಅಂಟಿಕೊಂಡುಬಿಟ್ಟಿತು. ಒಣಗಿದ ಕಾಯಿಗಳನ್ನು ಕಿತ್ತು ಜೇಬಿಗೆ ತುಂಬಿದೆ. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ಕೊಂಡು, ತಿಂದು, ಅದರ ಕಾಗದದಲ್ಲೇ ಬೀಜ ಕಟ್ಟಿಕೊಂಡೆ. ಆ ಬೇಲಿಯ ಆಚೆ ಮಗ್ಗುಲಲ್ಲಿ ಬಿಳಿಯ ಗೋಕರ್ಣವೂ ಇತ್ತು, ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಯಾವ ಕಾಯಿ ಯಾವ ಬಳ್ಳಿಯದೆಂದು ಸಸ್ಯಶಾಸ್ತ್ರದ ಪದವೀಧರ ನೋಡಬೇಕಿತ್ತು. ನೋಡಲಿಲ್ಲ.

ಮನೆಗೆ ಬಂದವನು ಗಂಗವ್ವನ ಮುಂದೆ ಕೂತು ಹೂವಿನ ವರ್ಣನೆಗೆ ತೊಡಗಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು, "ಎಂಥಾ ನೀಲಿ ರೀ ಮಾಸ್ತರ? ಬಣ್ಣದವರು ಕೊಡೋ ಆ ಮಸಿ ನೀಲೀನ?"

"ಅಲ್ಲರಿ ಅವ್ವಾರ. ಶೀಗೀ ಹುಣ್ಣಿವಿ ಮುಂದ, ಹೊತ್ತ ಮುಣಗಿದ ಮ್ಯಾಲ, ಚಿಕ್ಕಿ ಮೂಡೂಕ್ಕಿಂತ ಮೊದಲ ಆಕಾಶ ಇರತೈತಲ್ಲ, ಅದು."

ಅವಳ ಕೈ ನಿಂತಿತು. "ಅಂಥಾ ನೂಲು ನನ್ನ ಕೈಯಾಗ ಒಮ್ಮೀನೂ ಬಂದಿಲ್ಲ ನೋಡ್ರಿ" ಎಂದಳು. "ಹಚ್ಚರಿ ಹಂಗಾರ. ದಸರಾಕ್ಕ ಹೂವಾ ಬರಬೇಕು."

"ಬಂದ ಬರತಾವ. ನಾ ಏನ್ ಸುಮ್ನ ಸಾಲಿ ಕಲತೇನಿ?" ಎಂದು ಎದೆ ತಟ್ಟಿಕೊಂಡೆ.

ಮುಂಗಾರು ಬಿದ್ದ ಮೇಲೆ ಬೀಜವನ್ನು ಒಂದು ರಾತ್ರಿ ನೆನೆಹಾಕಿ ಹಿತ್ತಲ ಗೋಡೆಯ ಬುಡಕ್ಕೆ ಊರಿದೆ. ಅಲ್ಲಿಯ ಗೋಡೆಗಳೆಲ್ಲ ಕೆಂಪು ಕಲ್ಲಿನವು, ಬಿಸಿಲಿಗೆ ಕಾದರೆ ಸಂಜೆಯವರೆಗೂ ಆರುವುದಿಲ್ಲ. ಬಳ್ಳಿ ಸುಟ್ಟೀತೆಂದು ಮಲ್ಲಪ್ಪ ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳನ್ನು ಹೊಸೆದು ಹುರಿ ಮಾಡಿ, ಗೋಡೆಯಿಂದ ಗೇಣುದ್ದ ದೂರಕ್ಕೆ ಕಟ್ಟಿಕೊಟ್ಟ. ಶಾಂತವ್ವ ಪಾತ್ರೆ ತೊಳೆದ ನೀರನ್ನು ಅಲ್ಲಿಗೇ ಚೆಲ್ಲಿದಳು. ಗಂಗವ್ವ ದಿನಾ ಬೆಳಗ್ಗೆ ಹೋಗಿ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ಬೆರಳಿನಿಂದ ತಡವಿ, "ಇವತ್ತ ಮೂರು ಎಲಿ ಹೆಚ್ಚಾಗ್ಯಾವ" ಎಂದು ವರದಿ ಕೊಡುತ್ತಿದ್ದಳು. ನಾನು ಎಣಿಸಿ ನೋಡಿದರೆ ಹೊಸವು ಸರಿಯಾಗಿ ಮೂರೇ ಇರುತ್ತಿದ್ದವು.

ದಸರೆಗೆ ನಾಲ್ಕು ದಿನ ಇರುವಾಗ ಮೊದಲ ಹೂವು ಅರಳಿತು. ಬಿಳಿ.

ನನ್ನ ಮುಖ ನೀವು ನೋಡಬೇಕಿತ್ತು. ಮತ್ತೊಮ್ಮೆ ನೋಡಿದೆ, ಕಣ್ಣುಜ್ಜಿಕೊಂಡು ನೋಡಿದೆ. ಹಾಲಿನಂಥ ಬಿಳಿ. ಹಿಂದಿನ ಮೊಗ್ಗುಗಳನ್ನು ಬಿಡಿಸಿ ನೋಡಿದೆ, ಅವೂ ಬಿಳಿ. ನಾಲ್ಕು ತಿಂಗಳು ಕೊಚ್ಚಿಕೊಂಡ ಬಾಯಿಯನ್ನು ಈಗ ಎಲ್ಲಿ ಇಟ್ಟುಕೊಳ್ಳಲಿ? ಏನಾದರೂ ಒಂದು ನೆಪ, ಮಣ್ಣಿನ ಸುಣ್ಣದ ಅಂಶವೋ ಮತ್ತೊಂದೋ, ಹುಡುಕುತ್ತ ನಿಂತಿದ್ದೆ. ಅಷ್ಟರಲ್ಲಿ ಗಂಗವ್ವ ಬಂದಳು. ಬಳ್ಳಿ ತಡವುತ್ತ ಬಂದ ಬೆರಳು ಹೂವಿನ ಹತ್ತಿರ ನಿಂತಿತು. ಎಸಳಿನ ಅಂಚಿನ ಮೇಲೆ ಹೆಬ್ಬೆರಳು ಮೆಲ್ಲಗೆ ಒಂದು ಸುತ್ತು ಹೋಯಿತು. ಬಾಗಿ, ಹೂವಿಗೆ ಮುಖ ತಾಗುವಷ್ಟು ಹತ್ತಿರ ತಂದಳು. ಅವಳ ಮುಖ ಅರಳಿದ್ದನ್ನು ನಾನು ಕಂಡೆ.

"ಯವ್ವಾ ಯವ್ವಾ! ಏನ್ ನೀಲಿ ರೀ ಮಾಸ್ತರ!"

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಬಿಸಿಲು ನೇರ ಅವಳ ಮುಖದ ಮೇಲಿತ್ತು. ಆಗ ಮೊದಲ ಸಲ ಅವಳ ಕಣ್ಣನ್ನು ಸರಿಯಾಗಿ ನೋಡಿದೆ. ಎರಡೂ ಕಣ್ಣಿನ ಪಾಪೆಯ ಮೇಲೆ ಬೂದಿ ಬಣ್ಣದ ಪೊರೆ. ಮಣೆ, ಸೈಕಲ್ಲು, ಎತ್ತಿದ ಮುಖ, ಎಲ್ಲವೂ ಒಮ್ಮೆಲೇ ತಿಳಿದುಹೋಯಿತು. ಆ ಕ್ಷಣಕ್ಕೂ ನನಗೆ ಭಯಕ್ಕಿಂತ ಬೆರಗೇ ಹೆಚ್ಚಾಗಿತ್ತು: ಸಾವಿರಗಟ್ಟಲೆ ಕುಣಿಕೆಗಳನ್ನು ಈ ಹೆಂಗಸು ಕಾಣದೆ ಹಾಕಿದ್ದಾಳೆ, ಒಂದೂ ತಪ್ಪಿಲ್ಲ.

ಅವಳ ಬೆರಳು ಇನ್ನೂ ಹೂವಿನ ಮೇಲೇ ಇತ್ತು. "ಆದ್ರ ಇದು ಅವರಿ ಹೂವಿನಂಗ ಇಲ್ಲರಿ. ಅದರ ದೊಡ್ಡ ಎಸಳು ಮ್ಯಾಲಿರತೈತಿ. ಇದು ತಲಿಕೆಳಗಾಗಿ ಕುಂತೈತಿ" ಎಂದಳು. ನೋಡಿದರೆ ಹೌದು. ಈ ಬಳಗದ ಬೇರೆ ಹೂಗಳಲ್ಲಿ ಮೇಲಿರುವ ದೊಡ್ಡ ಎಸಳು ಗೋಕರ್ಣದಲ್ಲಿ ಕೆಳಗಿದೆ. ಇಡೀ ಹೂವೇ ಮಗುಚಿ ಕೂತಿದೆ. ಎರಡು ಕಣ್ಣಿದ್ದ ನಾನು ಅದನ್ನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

"ಅವ್ವಾರ, ನಿಮ್ಮ ಕಣ್ಣು..." ಎಂದೆ. ಅವಳು ಗಬಕ್ಕನೆ ನನ್ನ ಮಣಿಕಟ್ಟು ಹಿಡಿದಳು. ಏನು ಹಿಡಿತ ಅಂತೀರಿ!

"ಯಾರ ಮುಂದೂ ಹೇಳಬ್ಯಾಡ್ರಿ ಮಾಸ್ತರ. ನನ್ನ ಕುಂಡ್ರಸತಾರ."

"ಅಂದ್ರ?"

"ನಮ್ಮತ್ತಿಗೂ ಹಿಂಗ ಆಗಿತ್ರಿ. ಕಣ್ಣು ಮಂಜಾತು ಅಂದ ಕೂಡಲೇ ಎಲ್ಲಾರೂ ಪ್ರೀತೀಲೆ ಕುಂಡರ್ರಿ, ನೀವು ಕುಂಡರ್ರಿ ಅಂದ್ರು. ಬಾಗಲದಾಗ ಕುಂಡ್ರಿಸಿದ್ರು. ಹೊತ್ತಿಗೆ ಸರಿಯಾಗಿ ಚಹಾ ಬರತಿತ್ತು, ರೊಟ್ಟಿ ಬರತಿತ್ತು. ಆದ್ರ ಆಮ್ಯಾಲ ಆಕಿನ್ನ ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಏಳು ವರ್ಷ ಕುಂತಳು."

ನಾನು ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಹೂವಿನ ಬಣ್ಣ ಬಿಳಿ ಎಂಬುದನ್ನೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಅದನ್ನು ಹೇಳುವ ಗಟ್ಟಿತನ ಯಾರಿಗಿದೆಯೋ ನನಗೆ ತಿಳಿಯದು, ನನಗಂತೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಒಂದಿಷ್ಟು ನನ್ನ ಮರ್ಯಾದೆಯೂ ಉಳಿಯಿತಲ್ಲ ಎಂಬ ಸಣ್ಣಬುದ್ಧಿಯೂ ಅದರಲ್ಲಿ ಸೇರಿತ್ತು.

ಆಮೇಲಿನ ನಾಲ್ಕು ತಿಂಗಳು ದಿನಾ ನೀಲಿಯ ಮಾತು. ಗಂಗವ್ವ ಹೂ ಬಿಡಿಸಿ ದೇವರ ಜಗಲಿಗೆ ಏರಿಸಿ, "ನೋಡಲೇ ಮಲ್ಲ್ಯಾ, ಜಗಲಿ ಹೆಂಗ ಕಾಣತೈತಿ" ಎನ್ನುವಳು. ಮಲ್ಲಪ್ಪ ಲಾಳಿ ನಿಲ್ಲಿಸದೆ "ಹೂಂ ಬೇ, ಭಾಳ ನೀಲಿ" ಎನ್ನುವನು. ಶಾಂತವ್ವ "ಕಣ್ಣ ಕುಕ್ಕತೈತ್ರಿ ಅತ್ತಿ" ಎನ್ನುವಳು. ನನಗೆ ಆಶ್ಚರ್ಯ. ಈ ಮನೆಯಲ್ಲಿ ನನ್ನೊಬ್ಬನಿಗೇ ಬಿಳಿ ಕಾಣುತ್ತಿದೆಯೇ ಎಂದು ಒಂದೆರಡು ಸಲ ಹಿತ್ತಲಿಗೆ ಹೋಗಿ ನೋಡಿಬಂದದ್ದೂ ಉಂಟು. ಕ್ಲಾಸಿನಲ್ಲಿ ಮಾತ್ರ, ಕಂಡದ್ದನ್ನೇ ಬರೆಯಿರಿ, ಕಾಣದ್ದನ್ನು ಬರೆದರೆ ಸೊನ್ನೆ ಎಂದು ಮಕ್ಕಳಿಗೆ ಗದರಿಸುತ್ತಿದ್ದೆ.

ಸಂಕ್ರಾಂತಿಯ ಮರುವಾರ ನಾನು ಸಾಲಿಗೆ ತಡವಾಯಿತೆಂಬ ಗಡಿಬಿಡಿಯಲ್ಲಿ ಸೈಕಲ್ಲನ್ನು ಮೊಳೆಯ ಕೆಳಗಿನಿಂದ ತೆಗೆದು ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ಮರೆತ ಪುಸ್ತಕ ತರಲು ಒಳಗೆ ಓಡಿದೆ. ಬರುವಷ್ಟರಲ್ಲಿ ಗಂಗವ್ವ ಅದಕ್ಕೆ ಹಾಯ್ದು ಬಿದ್ದಿದ್ದಳು. ಬಲಗೈ ಮೈಯಡಿ ಸಿಕ್ಕಿತ್ತು. ಸಂಜೆಗೆ ಮಣಿಕಟ್ಟು ಬಾತು ಗಡ್ಡೆಯಾಯಿತು. ನಾನು ಅವಳ ಕಾಲ ಹತ್ತಿರ ಕೂತು ಅತ್ತುಬಿಟ್ಟೆ. ಮೂರು ವಾರ ಕೊಂಡಿ ಹಾಕಲಿಲ್ಲ. ಶಾಂತವ್ವ ಹಾಕಿದಳು. ಗಂಗವ್ವ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು, ಓಣಿಯ ಸುದ್ದಿಯ ಮಾತೇ ಇಲ್ಲ. ಹೊತ್ತಿಗೆ ಸರಿಯಾಗಿ ಚಹಾ ಬರುತ್ತಿತ್ತು. ಅವಳು ಅದನ್ನು ಹಿಡಿದುಕೊಂಡು ಆರುವವರೆಗೂ ಕುಡಿಯುತ್ತಿರಲಿಲ್ಲ.

ಆ ಹೊತ್ತಿಗೆ ಹುನಗುಂದದಲ್ಲಿ ಕಣ್ಣಿನ ಶಿಬಿರ ಎಂದು ಡಂಗುರ ಸಾರಿದರು. ನಾನು ಅವಳ ಬೆನ್ನು ಬಿದ್ದೆ. ಮೊದಮೊದಲು ಗದರಿದಳು. ಕಣ್ಣು ಕೊಯ್ದರೆ ಇದ್ದ ಬೆಳಕೂ ಹೋಗುತ್ತದೆ ಎಂದಳು. ಕೊನೆಗೆ ಒಂದು ದಿನ ಬಾತ ಕೈಯನ್ನು ನೀವಿಕೊಳ್ಳುತ್ತ ತಾನೇ ಮಗನನ್ನು ಕರೆದಳು. ಲಾಳಿ ನಿಂತಿತು.

"ಮಲ್ಲ್ಯಾ, ನಿನಗೊಂದು ಮಾತ ಹೇಳಬೇಕು. ನನಗ ಕಣ್ಣು ಕಾಣೂದಿಲ್ಲೋ."

ಮಲ್ಲಪ್ಪ ಕುಣಿಯಿಂದ ಮೇಲೆ ಬಂದು ಅವಳ ಮುಂದೆ ಕೂತ. "ಗೊತ್ತೈತಿ ಬೇ" ಎಂದ.

"ಯಾವಾಗಿಂದ?"

"ಎರಡ ವರ್ಷ ಆತು."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಎದ್ದ ಹೋಗತಿದ್ದಿ, ಕೊಂಡಿ ಬಿಟ್ಟು. ಅದಕ್ಕ ಸಾಮಾನ ಅಲ್ಲಲ್ಲೇ ಇಟ್ವಿ, ನಾನೂ ಆಕಿನೂ."

ಅವಳು ಮಗನ ಮುಖದ ಮೇಲೆ ಕೈಯಾಡಿಸಿದಳು, ಹಣೆಯಿಂದ ಗದ್ದದವರೆಗೆ. ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು. ನಾನು ಅಲ್ಲಿ ಯಾಕಿದ್ದೇನೆ ಎನಿಸಿ ನನ್ನ ಕೋಣೆಗೆ ಎದ್ದುಬಂದೆ.

ಶಿಬಿರದಲ್ಲಿ ಒಂದು ಕಣ್ಣಿನ ಪೊರೆ ತೆಗೆದರು. ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು, ಅಲುಗಾಡಬಾರದೆಂದು ಮಲಗಿಸಿದ್ದರು. ಪಟ್ಟಿ ಕಟ್ಟಿದ ಮುಖ ನೋಡಿ ನನಗೆ ಎರಡು ಹೆದರಿಕೆ. ಕಣ್ಣು ಬರದಿದ್ದರೆ ಏನು ಗತಿ ಎಂಬುದು ಒಂದು. ಬಂದರೆ ಹೂವಿನ ಗತಿಯೇನು ಎಂಬುದು ಇನ್ನೊಂದು! ಮುಂದಿನ ರವಿವಾರವೇ ಶಿವಯೋಗ ಮಂದಿರದ ಬಸ್ಸು ಹತ್ತಿದೆ. ಈ ಸಲ ನೀಲಿ ಹೂ ಬಿಟ್ಟ ಕುಡಿಯನ್ನೇ ಹಿಡಿದು, ಅದರದೇ ಕಾಯಿ ಎಂದು ಖಾತ್ರಿ ಮಾಡಿಕೊಂಡು, ಎಂಟು ಬೀಜ ತಂದೆ. ಬಿಳಿಯ ಬಳ್ಳಿಯ ಪಕ್ಕದಲ್ಲೇ ಊರಿದೆ. ಮೊಳೆತವು. ಆದರೆ ಬಳ್ಳಿಗೆ ನನ್ನ ಅವಸರ ಎಲ್ಲಿ ತಿಳಿಯಬೇಕು? ಚಷ್ಮಾ ಬರುವ ಹೊತ್ತಿಗೆ ಅದು ಮೊಣಕಾಲೆತ್ತರ ಇತ್ತು, ಒಂದೂ ಮೊಗ್ಗಿಲ್ಲ.

ಯುಗಾದಿಯ ಮುಂದೆ ಚಷ್ಮಾ ಬಂತು. ಆಗಿನ ಚಷ್ಮಾ, ದಪ್ಪ ಗಾಜು. ಅದರೊಳಗಿಂದ ಗಂಗವ್ವನ ಕಣ್ಣು ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮಗನ ಮುಖ ನೋಡಿದಳು, "ಎಷ್ಟ ಸೊರಗೀಯೋ" ಎಂದಳು. ಸೊಸೆಯನ್ನು ನೋಡಿದಳು. ನನ್ನನ್ನು ನೋಡಿ, "ಮಾಸ್ತರ, ನೀವು ಇಷ್ಟ ಸಣ್ಣ ಹುಡುಗ್ರೇನ್ರಿ? ಮಾತ ಕೇಳಿ ದೊಡ್ಡ ಮನಷ್ಯಾ ಅಂದ್ಕೊಂಡಿದ್ನಿ" ಎಂದಳು. ಆಮೇಲೆ ಯಾರ ಕೈಯನ್ನೂ ಹಿಡಿಯದೆ ಹಿತ್ತಲಿಗೆ ನಡೆದಳು. ನಾವು ಮೂವರೂ ಹಿಂದೆ ಹಿಂದೆ.

ಬಳ್ಳಿಯ ತುಂಬ ಹೂವು. ಅವಳು ಒಂದು ಹೂ ಬಿಡಿಸಿ ಅಂಗೈಯಲ್ಲಿಟ್ಟು ನೋಡಿದಳು.

"ಬಿಳೇ ಅದಾವಲ್ಲರಿ."

ಮಲ್ಲಪ್ಪ ನೆಲ ನೋಡಿದ, ಶಾಂತವ್ವ ಗಂಡನನ್ನು ನೋಡಿದಳು, ನಾನು ಆಕಾಶ ನೋಡಿದೆ.

"ಮೂರೂ ಮಂದಿ? ಮೂರೂ ಮಂದಿ ಸುಳ್ಳ ಹೇಳೀರಿ? ಥೂ ನಿಮ್ಮ ಬಾಯಾಗ ಮಣ್ಣ ಹಾಕಲಿ!" ಎಂದು ಬೈದಳು. ಬೈಯುತ್ತ ಬೈಯುತ್ತ ನಗು ಬಂತು, ನಗುತ್ತ ಗೋಡೆ ಹಿಡಿದು ಕೂತಳು, ನಾವೂ ನಕ್ಕೆವು. ನಗು ನಿಂತ ಮೇಲೆ ಅಂಗೈಯ ಹೂವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು, "ಆದ್ರ ಮಾಸ್ತರ, ನನಗ ಖರೇನ ನೀಲಿ ಕಂಡಿತ್ರಿ. ದಿನಾ ಕಾಣತಿತ್ತು. ಅದೆಲ್ಲಿತ್ತು ಹಂಗಾರ?"

ಮರುದಿನ ಬೆಳಗ್ಗೆ ಹೊಸ ಹಾಸು, ಅಂದರೆ ಸೀರೆಯ ಉದ್ದೆಳೆ, ಮಗ್ಗಕ್ಕೆ ಬಂತು. ಗಂಗವ್ವ ಚಷ್ಮಾ ಹಾಕಿಕೊಂಡು, ಸೆರಗು ಸಿಕ್ಕಿಸಿ, ಹಬ್ಬದ ಹುರುಪಿನಲ್ಲಿ ಕೊಂಡಿಗೆ ಕೂತಳು. ಅಂದು ನನಗೆ ರಜೆ, ನೋಡಲೆಂದೇ ಹೊಸ್ತಿಲ ಮೇಲೆ ಕೂತೆ. ಅವಳು ಎಳೆಗಳ ಮೇಲೆ ಬಾಗಿದಳು. ಒಂದು ಕುಣಿಕೆ, ಎರಡು, ಹತ್ತು. ನಿಂತಳು. ಬಿಚ್ಚಿದಳು. ಮತ್ತೆ ಹಾಕಿದಳು. ಆ ಗಾಜಿನಲ್ಲಿ ಎಳೆ ಹಗ್ಗದಷ್ಟು ದಪ್ಪ ಕಾಣುತ್ತಿತ್ತಂತೆ, ಬೆರಳು ಎಲ್ಲೋ, ಎಳೆ ಎಲ್ಲೋ. ಹಣೆಯ ಮೇಲೆ ಬೆವರು ಮೂಡಿತು. ಎರಡು ವರ್ಷ ಕುರುಡಾಗಿ ಒಂದೂ ತಪ್ಪದವಳು, ಕಣ್ಣು ಬಂದ ಮರುದಿನ ಕೈಹಾಕಿದ್ದೆಲ್ಲ ತಪ್ಪತೊಡಗಿದಳು. ಮಲ್ಲಪ್ಪ ಬೇರೆ ಕಡೆ ಮುಖ ತಿರುಗಿಸಿದ. ತಾಸು ಕಳೆಯಿತು, ಗೇಣಿನಷ್ಟೂ ಆಗಿರಲಿಲ್ಲ. ಶಾಂತವ್ವನಿಗೆ ನೋಡಲಾಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಬಂದು, ಅತ್ತೆಯ ಹೆಗಲ ಮೇಲೆ ಕೈಯಿಟ್ಟಳು.

"ಅತ್ತಿ, ನೀವು ಸ್ವಲ್ಪ ಕುಂಡರ್ರಿ. ನಾ ಹಾಕ್ತೇನಿ."

ಆ ಮಾತು ಬಂದೇಬಿಟ್ಟಿತು. ಇದಕ್ಕೇ ಅಲ್ಲವೇ ಅವಳು ಅಷ್ಟು ದಿನ ಹೆದರಿ, ಮುಚ್ಚಿಟ್ಟು, ಕೊನೆಗೆ ಕಣ್ಣು ಕೊಯ್ಯಿಸಿಕೊಂಡು ಬಂದದ್ದು? ಗಂಗವ್ವನ ಕೈ ಎಳೆಗಳ ಮೇಲೆ ಹಾಗೇ ನಿಂತಿತ್ತು. ಆಮೇಲೆ ಅವಳು ಚಷ್ಮಾ ತೆಗೆದಳು. ನನ್ನ ಕಡೆ ಚಾಚಿ, "ಹಿಡೀರಿ ಮಾಸ್ತರ ಇದನ್ನ" ಎಂದಳು. ಗೋಡೆಗೆ ಬೆನ್ನು ಕೊಟ್ಟಳು. ಮುಖ ಎತ್ತಿದಳು. ಕಣ್ಣು ಮುಚ್ಚಿದಳು.

ಬೆರಳುಗಳು ಒಮ್ಮೆ ಎಳೆಗಳ ಮೇಲೆ ಸುಮ್ಮನೆ ಓಡಾಡಿದವು. ಹತ್ತಿ ಯಾವುದು, ರೇಷ್ಮೆ ಯಾವುದು ಎಂದು ಮಾತಾಡಿಸಿದವು. ಆಮೇಲೆ ಶುರುವಾಯಿತು ನೋಡಿ! ಒಂದು, ಇನ್ನೊಂದು, ಮತ್ತೊಂದು. ನಾನು ಎಣಿಸಲು ಹೋಗಿ ಸೋತೆ. ಸ್ವಲ್ಪ ಹೊತ್ತಿಗೆ ಅವಳ ಬಾಯಿಯೂ ಬಿಚ್ಚಿತು. "ಶಾಂತಾ, ಮ್ಯಾಗಿನ ಓಣಿ ಪಾರವ್ವನ ಮಗಳಿಗೆ ಗಂಡ ನೋಡಾಕ ಬಂದಿದ್ರಂತಲ್ಲ, ಏನಾತ?" ಶಾಂತವ್ವ ಅವಳ ಪಕ್ಕದಲ್ಲೇ ಕೂತು ಸುದ್ದಿ ಹೇಳತೊಡಗಿದಳು. ಮಲ್ಲಪ್ಪ ಕುಣಿಗೆ ಇಳಿದು ಮಗ್ಗದ ಹಣಿಗೆ ಒರೆಸುತ್ತ ಕೂತ. ಒರೆಸಲು ಅಲ್ಲಿ ಏನೂ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕೊಂಡಿ ಮುಗಿಯಿತು. ಮಲ್ಲಪ್ಪ ಈ ತುದಿಯಿಂದ ಆ ತುದಿಯವರೆಗೆ ನೋಡಿ, "ಸರಿ ಐತಿ ಬೇ" ಎಂದಷ್ಟೇ ಹೇಳಿದ. ನಾನು ಅಷ್ಟು ಹೊತ್ತೂ ಚಷ್ಮಾವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಅಕ್ಕಿ ಆರಿಸಲು, ಮಗನ ಮುಖ ನೋಡಲು, ನನ್ನ ಅಂಗಿಯ ಗುಂಡಿ ಹಚ್ಚಲು ಚಷ್ಮಾ. ಕೊಂಡಿಗೆ ಮಾತ್ರ ಕಣ್ಣು ಮುಚ್ಚುವುದು. "ನೋಡಾಕ ಹತ್ತಿದ್ರ ಬೆರಳ ಮರೀತಾವ ರೀ" ಎನ್ನುತ್ತಿದ್ದಳು. ನನಗೆ ಎಂಬತ್ತಮೂರರ ಸುಮಾರಿಗೆ ಬೇರೆ ಊರಿಗೆ ವರ್ಗವಾಯಿತು. ಅಲ್ಲಿಯವರೆಗೂ ಓಣಿಯ ಹೆಣ್ಣುಮಕ್ಕಳು ಅವಳನ್ನು ಕೇಳಲು ಬರುತ್ತಲೇ ಇದ್ದರು. ಅವಳನ್ನು ಯಾರೂ ಕುಂಡ್ರಿಸಲಿಲ್ಲ.

ನೀಲಿಯ ಬಳ್ಳಿ ಹೂ ಬಿಟ್ಟದ್ದು ಚಷ್ಮಾ ಬಂದ ವರ್ಷದ ಕಾರ ಹುಣ್ಣಿಮೆಯ ಮುಂದೆ. ಹಿಂದಿನ ಸಂಜೆಯೇ ಮೊಗ್ಗಿನ ತುದಿಯಲ್ಲಿ ಬಣ್ಣ ಕಂಡು ನನಗೆ ನಿದ್ದೆ ಬರಲಿಲ್ಲ. ಬೆಳಕು ಹರಿದ ಕೂಡಲೇ ಗಂಗವ್ವನನ್ನು ಕರೆದುಕೊಂಡು ಹೋದೆ. ಕೆಂಪು ಕಲ್ಲಿನ ಗೋಡೆಯ ಮುಂದೆ ಆ ನೀಲಿ, ನಡುವೆ ಚೂರು ಬಿಳಿ. ಅಂಥ ನೀಲಿಯನ್ನು ನಾನೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಕೈಮುಗಿಯಬೇಕು ಅನಿಸಿತು. ಗಂಗವ್ವ ಚಷ್ಮಾ ಹಾಕಿಕೊಂಡು ನೋಡಿದಳು. ಈ ಕಡೆಯಿಂದ ನೋಡಿದಳು, ಆ ಕಡೆಯಿಂದ ನೋಡಿದಳು.

"ಚಲೋ ಐತ್ರಿ ಮಾಸ್ತರ" ಎಂದಳು. ನನ್ನ ಮನಸ್ಸು ನೋಯಬಾರದೆಂದು ತುಸು ತಡೆದು, ಆಮೇಲೆ ಹೇಳಿಯೇಬಿಟ್ಟಳು. "ಆದ್ರ ನಾ ಕಂಡಿದ್ದು ಇದಕಿಂತ ನೀಲಿ ಇತ್ತು."

ಮುದುಕಿಯ ಮಾತು ಎಂದು ಆಗ ನಕ್ಕುಬಿಟ್ಟಿದ್ದೆ.

ಕಳೆದ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆದರು. ಈಗ ಉಸುಕಿನ ಚೀಲವಿಲ್ಲ, ದಪ್ಪ ಚಷ್ಮಾವಿಲ್ಲ. ಬೆಳಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬಂದೆ. ಮರುದಿನ ಪಟ್ಟಿ ಬಿಚ್ಚಿದಾಗ ಡಾಕ್ಟರಮ್ಮನ ಬಿಳಿ ಕೋಟು, ಗೋಡೆ, ನನ್ನ ಅಂಗೈ, ಎಲ್ಲದರ ಮೇಲೂ ತೆಳ್ಳಗೆ ನೀಲಿ ಹರಡಿತ್ತು. ಗಾಬರಿಯಾಗಿ ಹೇಳಿದೆ. ಮೊಮ್ಮಗಳ ವಯಸ್ಸಿನ ಆ ಡಾಕ್ಟರ್ ನಕ್ಕು, "ಅದು ಹಂಗ ರೀ ಅಜ್ಜಾರ. ಪೊರಿ ಹಳದಿ ಇರತೈತಿ. ಅದು ಮೊದಲ ತಿನ್ನೋದ ನೀಲಿನ್ನ. ನಿಮಗ ಇಷ್ಟ ವರ್ಷ ಖರೇ ನೀಲಿ ಕಂಡೇ ಇಲ್ಲ. ಈಗ ಕಾಣಾಕ ಹತ್ತೇತಿ" ಎಂದಳು.

ಅಂದರೆ ಆ ದಸರೆಯ ಬೆಳಗ್ಗೆ ಹಿತ್ತಲಲ್ಲಿ ಗಂಗವ್ವನ ಕಣ್ಣಿನೊಳಗೆ ನೀಲಿ ಹೋಗಲು ದಾರಿಯೇ ಇರಲಿಲ್ಲ. ಹೊರಗೆ ಹೂವೂ ಬಿಳಿ, ಒಳಗೆ ದಾರಿಯೂ ಬಂದ್. ನಾನು ಹೇಳಿದ ನಾಲ್ಕು ಮಾತು, ಅವಳ ಹೆಬ್ಬೆರಳು, ಇವೆರಡೇ. ಇಷ್ಟರಿಂದ ಆ ಹೆಂಗಸು ನಾಲ್ಕು ತಿಂಗಳು ದಿನಾ ಬೆಳಗ್ಗೆ ನೀಲಿ ಕಂಡಳು. ಕುರ್ಚಿಯ ಮೇಲೆ ಹಾಗೇ ಕೂತುಬಿಟ್ಟೆ. ನನ್ನ ಕಣ್ಣಿನಲ್ಲಿ ನೀರು ಬಂತು, ಹೊಸ ಕಣ್ಣು, ನೀರು ಬರಬಾರದಿತ್ತು.

"ಯಾಕ್ರಿ ಅಜ್ಜಾರ, ಉರಿ ಏನ್ರಿ? ನೀಲಿ ಛಂದ ಕಾಣಸ್ತೈತೋ ಇಲ್ಲೋ?"

"ಕಾಣಸ್ತೈತವ್ವಾ, ಭಾಳ ಛಂದ" ಎಂದೆ. "ಆದ್ರ ಇಳಕಲ್ಲಾಗ ಒಂದ್ ಬಿಳೇ ಬಳ್ಳಿ ಇತ್ತು. ಅದರಷ್ಟ ನೀಲಿ ಇಲ್ಲ."